ಕೆಂಪು ಡಬ್ಬಿಯ ಗೋಚುಜಾಂಗ್: ಯಾವುದನ್ನು ಕೊಳ್ಳಬೇಕು, ಒಲೆಯ ಮೇಲೆ ಎಲ್ಲಿ ಕೆಡುತ್ತದೆ

ಕೊರಿಯನ್ ಸಾಮಾನು ಇಡುವ ಅಂಗಡಿಗಳಲ್ಲಿ ಮೂರು ಬಣ್ಣದ ಚೌಕ ಡಬ್ಬಿಗಳು ಅಕ್ಕಪಕ್ಕ ಇರುತ್ತವೆ. ಕಂದು ಡಬ್ಬಿಯಲ್ಲಿ ಸೋಯಾ ಹುದುಗಿಸಿದ ದ್ವೆಂಜಾಂಗ್, ಹಸಿರಿನಲ್ಲಿ ಸೊಪ್ಪಿನೆಲೆಗೆ ಸವರಿ ಸುತ್ತಿ ತಿನ್ನುವ ಸ್ಸಾಮ್‌ಜಾಂಗ್, ಕೆಂಪಿನಲ್ಲಿ ಮೆಣಸಿನಪುಡಿ, ಧಾನ್ಯ, ಸೋಯಾ ಸೇರಿಸಿ ಹುದುಗಿಸಿದ ಗೋಚುಜಾಂಗ್. ಒಂದನ್ನೇ ತರುವುದಾದರೆ ಕೆಂಪನ್ನೇ ತನ್ನಿ. ಆದರೆ ಅದನ್ನು ಚಟ್ನಿಯೆಂದುಕೊಂಡು ದೋಸೆಗೆ ಹಚ್ಚಬೇಡಿ. ಹಾಗೇ ನೆಕ್ಕಿದರೆ ಸಿಹಿ, ಉಪ್ಪು, ಅಂಟು ಇಷ್ಟೇ ಸಿಗುವುದು. ನೀರು, ಎಣ್ಣೆ, ಚೂರು ಹುಳಿ ಬಿದ್ದ ಮೇಲೆಯೇ ಹುದುಗಿದ ಘಮ ಏಳುತ್ತದೆ.

ಪಕ್ಕದಲ್ಲೇ ಹಿಂಡುವ ಬಾಟಲಿಯಲ್ಲಿರುವುದು ಬೇರೆ ಸರಕು. ಚೋಗೋಚುಜಾಂಗ್ ಎಂದರೆ ವಿನೆಗರ್ ಬೆರೆಸಿದ್ದು, ಹಸಿ ಮೀನಿಗೆ ಅದ್ದಿಕೊಳ್ಳಲಿಕ್ಕೆ. 'ಗೋಚುಜಾಂಗ್ ಸಾಸ್' ಎಂದಿದ್ದರೆ ನೀರು, ಸಕ್ಕರೆ ಹೆಚ್ಚು. ಇವೆರಡನ್ನೂ ಕುದಿಸುವ ಅಡುಗೆಗೆ ಹಾಕಿದರೆ ಮೈ ಕಟ್ಟುವುದಿಲ್ಲ.

ಸುಲಭವಾಗಿ ಸಿಗುವ ಹೆಸರುಗಳು ಎರಡು: ದೇಸಾಂಗ್ ಕಂಪನಿಯ ಸುನ್‌ಚಾಂಗ್ ಮತ್ತು ಸಿಜೆ ಕಂಪನಿಯ ಹೇಚಾಂದಲ್. ಸುನ್‌ಚಾಂಗ್ ಎನ್ನುವುದು ದಕ್ಷಿಣ ಕೊರಿಯಾದ ಉತ್ತರ ಜೊಲ್ಲಾ ಪ್ರಾಂತ್ಯದ ಒಂದು ಊರು. ನಮ್ಮಲ್ಲಿ ಮೆಣಸಿನಕಾಯಿಗೆ ಬ್ಯಾಡಗಿ ಹೇಗೋ ಅಲ್ಲಿ ಗೋಚುಜಾಂಗಿಗೆ ಅದು ಹಾಗೆ. ಖಾರಕ್ಕೆ ಕೊರಿಯಾದಲ್ಲಿ ಜಿಎಚ್‌ಯು ಎಂಬ ಅಳತೆಯಿದೆ, ಐದು ಮೆಟ್ಟಿಲು. 45ರಿಂದ 75ರವರೆಗಿನದು ಮಧ್ಯಮ ಖಾರ, ಅದೇ ಸಾಕು. ಹಿಂಬದಿಯ ಚೀಟಿಯಲ್ಲಿ ಎರಡು ಪದ ಹುಡುಕಿ. ಒಂದು ಗೋಧಿ: ಮುಂದೆ ಅಕ್ಕಿಯ ಚಿತ್ರವಿದ್ದರೂ ಒಳಗೆ ಗೋಧಿ ಸೇರಿರಬಹುದು, ಗ್ಲುಟನ್ ಆಗದವರಿಗೆ ಇದು ಮುಖ್ಯ. ಇನ್ನೊಂದು ಆಲ್ಕೊಹಾಲ್: ಹುದುಗು ಮುಂದುವರಿದು ಡಬ್ಬಿ ಉಬ್ಬದಿರಲೆಂದು ತುಸು ಸೇರಿಸುತ್ತಾರೆ, ಬೇಡವೆನ್ನುವವರು ನೋಡಿಕೊಳ್ಳಬೇಕು.

ಡಬ್ಬಿಯ ನಿಜವಾದ ಪರೀಕ್ಷೆ ತೊಕ್‌ಬೊಕ್ಕಿ, ಅಂದರೆ ಬೆರಳುದ್ದದ ಅಕ್ಕಿ ಕಡುಬನ್ನು ಕೆಂಪು ರಸದಲ್ಲಿ ಬೇಯಿಸಿದ್ದು. 300 ಗ್ರಾಂ ಕಡುಬಿಗೆ 400 ಮಿ.ಲೀ. ನೀರು, ಅಂಗೈಯಗಲದ ಕೆಲ್ಪ್ (ಒಣ ಕಡಲಕಳೆ) ತುಂಡು, ಎರಡು ಒಣ ಶಿಟಾಕೆ ಅಣಬೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟು, ನೀರು ಮರಳುವ ಮೊದಲೇ ಕೆಲ್ಪ್ ಎತ್ತಿಬಿಡಿ, ಇಲ್ಲವಾದರೆ ಲೋಳೆ, ಕಹಿ. ಆಮೇಲೆ ಕಡುಬು, ಎರಡು ದೊಡ್ಡ ಚಮಚ ಗೋಚುಜಾಂಗ್, ಒಂದೊಂದು ಚಮಚ ಗೋಚುಗಾರು (ಕೊರಿಯಾದ ತರಿ ಮೆಣಸಿನಪುಡಿ), ಸೋಯಾ ಸಾಸ್, ಸಕ್ಕರೆ. ಮಧ್ಯಮ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ, ತಳ ಕೆರೆಯುತ್ತ ತಿರುವಬೇಕು. ರಸ ಚಮಚದ ಬೆನ್ನಿಗೆ ಅಂಟಿ ನಿಂತರೆ ಆಯಿತು. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ.

ಇಲ್ಲಿ ಕೆಡುವುದು ಮೂರು ಕಡೆ. ಫ್ರಿಜ್ಜಿನ ಕಡುಬನ್ನು ನೇರವಾಗಿ ಬಾಣಲೆಗೆ ಹಾಕುವುದು ಮೊದಲನೆಯದು. ತಂಪಿಗೆ ಅಕ್ಕಿಯ ಪಿಷ್ಟ ಬಿಗಿದಿರುತ್ತದೆ, ರಾತ್ರಿಯ ಕಡುಬು ಬೆಳಿಗ್ಗೆಗೆ ಕಲ್ಲಾಗುವ ಹಾಗೆ. ಹೊರಗೆ ಬಿರಿದು ಒಳಗೆ ಗಟ್ಟಿ ಉಳಿಯುತ್ತದೆ. ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಿಡಿ. ಎರಡನೆಯದು, ಒಗ್ಗರಣೆ ಚಾಳಿ. ಗೋಚುಜಾಂಗಿನಲ್ಲಿ ಸಕ್ಕರೆ, ಪಿಷ್ಟ ತುಂಬಿರುವುದರಿಂದ ಕಾದ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಮೂರನೆಯದು, ಕೆಂಪಾಗಲಿಲ್ಲವೆಂದು ಇನ್ನೂ ಎರಡು ಚಮಚ ಗೋಚುಜಾಂಗ್ ಸುರಿಯುವುದು. ಆಗ ರಸ ಗೋಂದಾಗುತ್ತದೆ. ಬಣ್ಣ, ಖಾರ ಹೆಚ್ಚಬೇಕಿದ್ದರೆ ಹೆಚ್ಚಿಸಬೇಕಾದದ್ದು ಗೋಚುಗಾರು. ಅದು ಸಿಗದಿದ್ದರೆ ಬ್ಯಾಡಗಿಯ ಬೀಜ ಉದುರಿಸಿ, ಬಿಸಿಲಿಗೆ ಗರಿಗರಿ ಒಣಗಿಸಿ, ಚಿರೋಟಿಯಲ್ಲ, ಉಪ್ಪಿಟ್ಟಿನ ರವೆಯಷ್ಟು ತರಿಯಾಗಿ ಪುಡಿಮಾಡಿ. ನಯವಾದ ಪುಡಿ ಹಾಕಿದರೆ ರಸ ಕದಡುತ್ತದೆ.

ಬಿಬಿಂಬಾಪ್, ಅಂದರೆ ಅನ್ನದ ಮೇಲೆ ತರಕಾರಿ ಇಟ್ಟು ಕಲಸಿ ತಿನ್ನುವ ಊಟ; ಅದರ ಸಾಸಿಗೆ ಒಲೆಯೇ ಬೇಡ: ಎರಡು ಚಮಚ ಗೋಚುಜಾಂಗ್, ಒಂದು ಚಮಚ ಎಳ್ಳೆಣ್ಣೆ, ಒಂದು ಚಮಚ ನೀರು, ತಲಾ ಒಂದು ಟೀ ಚಮಚ ಸಕ್ಕರೆ, ವಿನೆಗರ್. ಎಳ್ಳೆಣ್ಣೆ ಮಾತ್ರ ಹುರಿದ ಎಳ್ಳಿನದಾಗಿರಬೇಕು, ನಮ್ಮ ಗಾಣದೆಣ್ಣೆಗೆ ಆ ಘಮವಿಲ್ಲ. ಅದೇ ಇರುವುದಾದರೆ ಹುರಿದು ಕುಟ್ಟಿದ ಎಳ್ಳು ಒಂದು ಚಮಚ ಸೇರಿಸಿ. ಅನ್ನಕ್ಕೆ ಸೋನಾ ಮಸೂರಿ ತುಸು ಮೆತ್ತಗಾದರೆ ನಡೆಯುತ್ತದೆ, ಬಾಸ್ಮತಿ ನಡೆಯುವುದಿಲ್ಲ.

ರೆಸ್ಟೋರೆಂಟಿನಲ್ಲಿ ಕಲ್ಲಿನ ಬಟ್ಟಲಿನ ಬಿಬಿಂಬಾಪ್ ಬಂದ ಕೂಡಲೇ ಕಲಸಬೇಡಿ. ಎರಡು ನಿಮಿಷ ಬಿಟ್ಟರೆ ತಳದಲ್ಲಿ ಗರಿಗರಿ ಸೀಕು ಕಟ್ಟುತ್ತದೆ, ಕಲ್ಲಿನ ಬಟ್ಟಲಿಗೆ ಹೆಚ್ಚು ಹಣ ಕೊಡುವುದು ಅದಕ್ಕೇ. ಚರಚರ ಸದ್ದಿಲ್ಲದ ಬಟ್ಟಲನ್ನು ವಾಪಸ್ ಕಳಿಸಲು ಸಂಕೋಚ ಬೇಡ. ಸಸ್ಯಾಹಾರಿಗಳು 'ಮಾಂಸ ಹಾಕಬೇಡಿ' ಎಂದಷ್ಟೇ ಹೇಳಿದರೆ ಸಾಲದು. ಬಿಬಿಂಬಾಪಿನ ಗೋಚುಜಾಂಗನ್ನು ದನದ ಮಾಂಸದ ಜೊತೆ ಹುರಿದಿಡುವ ಪದ್ಧತಿಯಿದೆ, ಹುದುಗಿಸಿದ ಎಲೆಕೋಸಿನ ಕಿಮ್ಚಿಯಲ್ಲಿ ಉಪ್ಪು ಸೀಗಡಿ ಅಥವಾ ಮೀನಿನ ಸಾಸ್ ಇರುತ್ತದೆ, ತೊಕ್‌ಬೊಕ್ಕಿಯ ನೀರು ಹೆಚ್ಚಾಗಿ ಒಣ ಆಂಚೊವಿ ಮೀನಿನದು. ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಇನ್ನು ತೊಕ್‌ಬೊಕ್ಕಿ ಟೊಮೆಟೊ ಹುಳಿ ಹೊಡೆದರೆ ಕೆಚಪ್ ಸುರಿದಿದ್ದಾರೆಂದೇ ಲೆಕ್ಕ. ರಸ ಕಪ್ಪಗಿದ್ದರೆ ಮಾತ್ರ ಬೈಯಬೇಡಿ: ತೊಕ್‌ಬೊಕ್ಕಿಗೇ ಹೆಸರಾದ ಸೋಲ್ ನಗರದ ಸಿಂದಾಂಗ್‌ದೊಂಗ್‌ನಲ್ಲಿ ಗೋಚುಜಾಂಗಿಗೆ ಕಪ್ಪು ಸೋಯಾ ಪೇಸ್ಟ್ ಬೆರೆಸುತ್ತಾರೆ.

ತೆರೆದ ಡಬ್ಬಿ ಫ್ರಿಜ್ಜಿನಲ್ಲೇ ಇರಲಿ. ಉಪ್ಪಿನಕಾಯಿಯ ಮಡಿಯೇ ಇದಕ್ಕೂ: ಒಣ ಚಮಚ, ಮೇಲ್ಮೈ ಸಮ ಮಾಡಿ ಒಳಗಿನ ಪ್ಲಾಸ್ಟಿಕ್ ಹಾಳೆ ಒತ್ತಿಡುವುದು. ಮೇಲ್ಪದರ ಕಪ್ಪಾದರೆ ಅದು ಗಾಳಿಯ ಕೆಲಸ, ಕಲಸಿ ಬಳಸಬಹುದು. ಬೂಸ್ಟು ಕಂಡರೆ ಎಸೆಯಿರಿ. 500 ಗ್ರಾಂ ಡಬ್ಬಿಯಲ್ಲಿ ಮೇಲಿನ ಅಳತೆಯ ತೊಕ್‌ಬೊಕ್ಕಿ ಸುಮಾರು ಹನ್ನೆರಡು ಸಲ ಆಗುತ್ತದೆ. ಅಗ್ಗವೆಂದು ಒಂದು ಕೆ.ಜಿ.ಯದು ತಂದರೆ ಅರ್ಧ ಖಾಲಿಯಾಗುವಷ್ಟರಲ್ಲಿ ಬಣ್ಣ ಮಾಸಿರುತ್ತದೆ.