ಹೊಕ್ಕುಳಿಗೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್ ಜೆಲ್: ಯಾರಿಗೆ ಬೇಕು, ಯಾರಿಗೆ ಬೇಡ

ನವಜಾತ ಶಿಶುವಿನ ಹೊಕ್ಕುಳಬಳ್ಳಿಗೆ ಹಚ್ಚಲೆಂದು ಸಿಗುವ ಶೇ. 7.1ರ ಕ್ಲೋರ್‌ಹೆಕ್ಸಿಡಿನ್ ಡೈಗ್ಲುಕೋನೇಟ್ ಜೆಲ್ ಒಳ್ಳೆಯ ಔಷಧವೇ ಹೌದು. ಆದರೆ ಅದರ ಕೆಲಸ ಸೋಂಕು ತಗಲದಂತೆ ನೋಡಿಕೊಳ್ಳುವುದೇ ಹೊರತು, ತಗಲಿದ ಸೋಂಕನ್ನು ವಾಸಿಮಾಡುವುದಲ್ಲ.

ಬಳಕೆ ಸುಲಭ. ಸೋಪಿನಿಂದ ಕೈ ತೊಳೆದು, ಬಳ್ಳಿಯ ತುದಿಗೂ ಬುಡಕ್ಕೂ ಸುತ್ತಲಿನ ಚರ್ಮಕ್ಕೂ ತೆಳುವಾಗಿ ಸವರಿ, ಬಟ್ಟೆ ಕಟ್ಟದೆ ಒಣಗಲು ಬಿಟ್ಟರಾಯಿತು. ಟ್ಯೂಬಿನಲ್ಲಿ ಬರುವ ಜೆಲ್ ಹೊಟ್ಟೆಯ ಮೇಲೆ ಹರಿದುಹೋಗದೆ ಹಚ್ಚಿದಲ್ಲೇ ನಿಲ್ಲುತ್ತದೆ. ಇದೇ ಔಷಧ ಪುಟ್ಟ ಬಾಟಲಿಯಲ್ಲಿ ದ್ರಾವಣವಾಗಿಯೂ ಸಿಗುತ್ತದೆ. ಅದನ್ನು ನಾನು ಶಿಫಾರಸು ಮಾಡಲಾರೆ. ಕಣ್ಣಿನ ಹನಿಯೆಂದು ತಿಳಿದು ಅದನ್ನು ಕೂಸುಗಳ ಕಣ್ಣಿಗೆ ಹಾಕಿ ಗಂಭೀರ ಹಾನಿಯಾದ ಪ್ರಕರಣಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ನೀಡಿದೆ.

ಎಲ್ಲ ಶಿಶುಗಳಿಗೂ ಇದು ಬೇಕೇ? ಬೇಡ. ಅದೇ ಸಂಸ್ಥೆಯ 2022ರ ಮಾರ್ಗಸೂಚಿಯ ಪ್ರಕಾರ ಬಳ್ಳಿಯನ್ನು ಶುಚಿಯಾಗಿ, ಒಣದಾಗಿ ಇಟ್ಟರೆ ಸಾಕು. ಸಗಣಿಯಂತಹ ಅಪಾಯಕಾರಿ ವಸ್ತುಗಳನ್ನು ಹಚ್ಚುವ ರೂಢಿ ಇರುವ ಕಡೆಗಳಲ್ಲಿ ಮಾತ್ರ ಮೊದಲ ವಾರ ದಿನಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್ ಹಚ್ಚಬೇಕು. ಇದನ್ನು ಹಚ್ಚಿದಾಗ ಬಳ್ಳಿ ಬೀಳುವುದು ಕೊಂಚ ತಡವಾಗುತ್ತದೆ ಎಂಬುದನ್ನೂ ತಿಳಿದಿದ್ದರೆ ಅನಗತ್ಯ ಗಾಬರಿ ತಪ್ಪುತ್ತದೆ.

ಜೆಲ್ ಹಚ್ಚುತ್ತಿದ್ದೇವೆಂಬ ಧೈರ್ಯದಲ್ಲಿ ಹೊಕ್ಕುಳನ್ನು ಗಮನಿಸುವುದನ್ನೇ ಬಿಡುವುದು ನನಗೆ ಕಾಣುವ ದೊಡ್ಡ ಅಪಾಯ. ಬಳ್ಳಿ ಕಪ್ಪಾಗಿ ಒಣಗುವುದು, ಬುಡದಲ್ಲಿ ಸ್ವಲ್ಪ ಅಂಟು ಕಾಣುವುದು, ಬೀಳುವಾಗ ಒಂದೆರಡು ಹನಿ ರಕ್ತ ಒಸರುವುದು ಸಹಜ. ಆದರೆ ಬುಡದ ಕೆಂಪು ಹೊಟ್ಟೆಯ ಚರ್ಮಕ್ಕೆ ಹರಡುತ್ತಿದ್ದರೆ, ಬಾವು ಬಂದಿದ್ದರೆ, ದುರ್ವಾಸನೆಯ ಕೀವು ಸುರಿಯುತ್ತಿದ್ದರೆ, ಮುಟ್ಟಿದೊಡನೆ ಕೂಸು ಚೀರಿದರೆ ಅದು ಸೋಂಕಿನ ಲಕ್ಷಣ. ಜೊತೆಗೆ ಜ್ವರ ಬಂದರೆ, ಮೈ ತಣ್ಣಗಾದರೆ, ಮಗು ಹಾಲು ಕುಡಿಯದೆ ಮಂಕಾಗಿ ಮಲಗಿದರೆ ಸೋಂಕು ರಕ್ತಕ್ಕೆ ಸೇರಿರಬಹುದು. ಇಂತಹ ಸಂದರ್ಭದಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ, ಏಕೆಂದರೆ ಹೊಕ್ಕುಳಿನ ರಕ್ತನಾಳಗಳ ಮೂಲಕ ಸೋಂಕು ಬೇಗನೆ ಒಳಗಿಳಿಯುತ್ತದೆ; ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಡಬೇಕಾಗುತ್ತದೆ. ಹೊರಡುವ ಮುನ್ನ ಮತ್ತೊಮ್ಮೆ ಜೆಲ್ ಸವರಬೇಡಿ: ವೈದ್ಯರು ಕೀವಿನ ಮಾದರಿಯನ್ನು ಪರೀಕ್ಷೆಗೆ ತೆಗೆಯುವುದುಂಟು, ಅದರಲ್ಲಿ ನಂಜುನಾಶಕ ಬೆರೆತಿದ್ದರೆ ಯಾವ ರೋಗಾಣು ಎಂಬುದು ಪತ್ತೆಯಾಗದೇ ಹೋಗಬಹುದು.