ಮುದ್ದಿ ಆಗಲಾರದ ಪಾಸ್ತಾ ಕಡೀಕೂ ಸಿಕ್ತು ನೋಡ್ರಿ (5ಕ್ಕ 4 ಸ್ಟಾರ್)

ಹೋದ್ ತಿಂಗಳ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದ್ ಅಂಗಡ್ಯಾಗ ಖುಲ್ಲಾ ಪಾಸ್ತಾ ತಂದಿದ್ದೆ, ಕಿಲೋ ಲೆಕ್ಕದಾಗ, ಅಗ್ಗ ಅದ ಅಂತ. ಕುದಿಸಿ ಬಸದು ನೋಡಿದ್ರ ಪೂರಾ ಒಂದೇ ಮುದ್ದಿ, ಸೌಟು ಹಾಕಿ ಎತ್ತಿದ್ರ ಬೋಗಾಣಿ ಆಕಾರದಾಗೇ ಎದ್ದು ಬಂತು. ಅವ್ವ ನೋಡಿ "ಇದಕ್ಕ ಪುಂಡಿ ಪಲ್ಯ ಹಚ್ಕೊಂಡ್ ತಿನ್ನು" ಅಂದ್ಳು. ಇನ್ನೇನ್ ಹೇಳ್ಲಿ.

ಈ ಸಲ ಬ್ಯಾರೆ ಅಂಗಡ್ಯಾಗ 500 ಗ್ರಾಂ ಪೆನ್ನೆ (ಸಣ್ಣ ಕೊಳವಿಯಂಗ ಇರೋ ಪಾಸ್ತಾ) ಪಾಕೀಟ್ ತಗೊಂಡೆ. ರೇಟ್ ಜಾಸ್ತಿನೇ, ಆದ್ರ ಹಿಂದ ಸಣ್ಣ ಅಕ್ಷರದಾಗ ಡ್ಯೂರಮ್ ಗೋಧಿ ರವಾ ಅಂತ ಬರದಿತ್ತು, ಅಂದ್ರ ನಾವು ಉಪ್ಪಿಟ್ಟಿಗಿ ಬನ್ಸಿ ರವಾ ತರ್ತೀವಲ್ಲ ಅದೇ ಗೋಧಿ. ಗಟ್ಟಿ ಗೋಧಿ, ಪ್ರೋಟೀನ್ ಜಾಸ್ತಿ, ಒಳಗಿನ ಹಿಟ್ಟು ಲಗೂನ ನೀರಿಗಿ ಬಿಡಂಗಿಲ್ಲ. ಮೈದಾದ್ದು ಹಂಗಲ್ಲ, ಜರಾ ಹೊತ್ತಾದ್ರ ಅಂಟು ಆಗಿಬಿಡ್ತದ.

ಆದ್ರ ಬರೀ ಪಾಕೀಟ್ ಛಲೋ ಇದ್ರ ಸಾಲಂಗಿಲ್ಲ, ತಪ್ಪು ನಂದೂ ಇತ್ತು. ಮೊದಲ್ನೇ ಸಲ ಅನ್ನಕ್ಕ ಇಟ್ಟಂಗ ಅಳತಿ ನೀರು ಇಟ್ಟಿದ್ದೆ. ಈ ಸಲ 250 ಗ್ರಾಂ ಪಾಸ್ತಾಕ್ಕ ಎರಡೂವರಿ ಲೀಟರ್ ನೀರು, ದೊಡ್ಡ ಬೋಗಾಣಿ, ನಾಕ್ ಸಣ್ಣ ಚಮಚಾ ಉಪ್ಪು (ಉಪ್ಪು ರುಚಿಗಷ್ಟೇ, ಅಂಟೋದಕ್ಕೂ ಅದಕ್ಕೂ ಸಂಬಂಧಿಲ್ಲ). ನೀರು ಕೊತಕೊತ ಕುದಿಯೋ ತನಕ ಪಾಸ್ತಾ ಹಾಕ್ಬ್ಯಾಡ್ರಿ, ಹಾಕಿದ ಮ್ಯಾಲ ಮೊದಲ್ನೇ ಎರಡ್ ನಿಮಿಷ ಫೋನ್ ನೋಡ್ಕೋತ ನಿಲ್ಲಬ್ಯಾಡ್ರಿ, ಯಾಕಂದ್ರ ಮ್ಯಾಲಿನ ಪಿಷ್ಟ ಉಬ್ಬಿ ಗೋಂದಿನಂಗ ಆಗೋದು ಆವಾಗೇ, ಆವಾಗ ತಳ ಮುಟ್ಟಿ ಕೈಯಾಡಿಸ್ಕೋತ ಇದ್ರ ಒಂದಕ್ಕೊಂದು ಹತ್ತಂಗಿಲ್ಲ, ಆಮ್ಯಾಲ ನಡುನಡುವ ಒಮ್ಮೊಮ್ಮೆ ತಿರುವಿದ್ರ ಸಾಕು.

ಎಣ್ಣಿ? ಪಾಕೀಟಿನ ಮ್ಯಾಲೇ ಒಂದ್ ಚಮಚಾ ಎಣ್ಣಿ ಹಾಕ್ರಿ ಅಂತ ಬರದಾರ, ನಾ ಹಾಕ್ಲಿಲ್ಲ. ಎಣ್ಣಿ ನೀರಿನ ಮ್ಯಾಲ ತೇಲ್ತದ, ತಳದಾಗಿದ್ದ ಪಾಸ್ತಾಕ್ಕ ಏನ್ ಮುಟ್ತದ? ಬಸಿಯೋ ಮುಂದ ಮೈಗೆಲ್ಲಾ ಹತ್ತಿ, ಮಸಾಲಿ ಜಾರಿ ತಾಟಿನ್ಯಾಗ ಕುಂದರ್ತದ. ಶಾವಿಗಿನ ತುಪ್ಪದಾಗ ಹುರದಂಗ ಇದು ಅಂತ ಅವ್ವ ವಾದ ಮಾಡಿದ್ಳು, ಅದು ಕುದಿಯೋಕಿಂತ ಮುಂಚೆ ಹುರಿಯೋದು, ಅದರ ಲೆಕ್ಕ ಬ್ಯಾರೆ.

9 ನಿಮಿಷ ಅಂತ ಬರದಿತ್ತು, ನಾ 8ಕ್ಕೇ ಒಂದ್ ತಗದು ಕಡದು ನೋಡಿದೆ. ನಡುವ ಸಣ್ಣ ಬಿಳಿ ಚುಕ್ಕಿ ಇತ್ತು, ಅಂದ್ರ ಇನ್ನ ಜರಾ ಬೇಯೋದದ, ಅದು ಒಗ್ಗರಣ್ಯಾಗ ಬೇಯ್ತದ. ಸೀದಾ ಬಸದು, ಬಳ್ಳೊಳ್ಳಿ ಟೊಮ್ಯಾಟಿ ಒಗ್ಗರಣಿಗಿ ಹಾಕಿ, ಅದೇ ಕುದಿಸಿದ ನೀರು ಅರ್ಧ ವಾಟಗ ಹೊಯ್ದೆ. ಮಸಾಲಿ ಮಸ್ತ್ ಹತ್ತಿತು, ಒಂದೊಂದ್ ಪೆನ್ನೆ ಬ್ಯಾರೆ ಬ್ಯಾರೆ. ತಣ್ಣೀರಾಗ ತೊಳೀಬ್ಯಾಡ್ರಿ, ಸಲಾಡ್ ಮಾಡೋದಿದ್ರ ಅಷ್ಟೇ.

ಒಂದ್ ಸ್ಟಾರ್ ಕಟ್ ಮಾಡಿದ್ದು ಆ ಎಣ್ಣಿ ಮಾತಿಗಿ, ಮತ್ತ ಪಾಕೀಟ್ ಭಾಳ ತೆಳು, ಹರಿಯೋ ಮುಂದ ಅರ್ಧ ಕಟ್ಟಿ ಮ್ಯಾಲೇ ಚೆಲ್ತು. ಉಳದದ್ದು ಸ್ಟೀಲ್ ಡಬ್ಬ್ಯಾಗ ಹಾಕಿಟ್ಟೀನಿ. ಅವ್ವ ಅದನ್ನ ಒಯ್ದು ತೊಗರಿ ಬ್ಯಾಳಿ ಡಬ್ಬಿ ಬಾಜೂಕ ಇಟ್ಟಾಳ, ಅಂದ್ರ ಪಾಸ್.