ಮಂಗಳೂರಿನ ಹೆಸರಿನ ಟೂರ್: ಗೈಡ್‌ಗೆ ಫುಲ್ ಮಾರ್ಕ್ಸ್, ಟೈಮ್‌ಟೇಬಲ್‌ಗೆ ಇಲ್ಲ

ಅರ್ಧ ದಿನ ವ್ಯಾನಿನಲ್ಲಿ ಸುತ್ತಿಸಿ, ಮಂಗಳೂರಿಗೆ ಹೆಸರು ಎಲ್ಲಿಂದ ಬಂತು ಅಂತ ಹೇಳುವ ಟೂರ್ ಇದು. ತಲೆಗೆ 700 ರೂಪಾಯಿ. ನಾವು ದಾವಣಗೆರೆಯವರು, ಕರಾವಳಿ ಅಷ್ಟಾಗಿ ಗೊತ್ತಿಲ್ಲ. ಗೈಡ್ ಹುಡುಗ ಡ್ರೈವರ್ ಜೊತೆ ತುಳು, ಫೋನಿನಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದ. ಅದನ್ನು ಕೇಳುವುದೇ ಒಂದು ಖುಷಿ.

ಮೊದಲು ಬೋಳಾರದ ಮಂಗಳಾದೇವಿ ದೇವಸ್ಥಾನ. ಮಲಬಾರಿನ ರಾಜಕುಮಾರಿ ನಾಥ ಪಂಥದ ಗುರು ಮತ್ಸ್ಯೇಂದ್ರನಾಥರ ಜೊತೆ ಇಲ್ಲಿಗೆ ಬಂದು ಮಂಗಳಾದೇವಿಯಾದಳಂತೆ. ಆ 'ಅಂತೆ'ಯನ್ನು ಹುಡುಗ ಬಿಡಲಿಲ್ಲ. ಐತಿಹ್ಯವನ್ನು ಇತಿಹಾಸ ಅಂತ ಮಾರುವ ಗೈಡ್‌ಗಳೇ ಜಾಸ್ತಿ, ಅಲ್ವಾ?

ಆಮೇಲೆ ಹಳೇ ಬಂದರು. ಮೀನಿನ ವಾಸನೆ ತಡೆದುಕೊಂಡರೆ ಟೂರಿನ ಒಳ್ಳೇ ಭಾಗ ಇದೇ. ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಸಮುದ್ರ ಸೇರುವುದು ಈ ಕಡೆಯಲ್ಲೇ. ಕೂಡುವ ಜಾಗ, ಹಾಗಾಗಿ ತುಳುವಿನಲ್ಲಿ ಕುಡ್ಲ. ಕೊಂಕಣಿಯವರಿಗೆ ಇದು ಕೊಡಿಯಾಲ, ಕರಾವಳಿಯ ಬ್ಯಾರಿ ಮುಸ್ಲಿಮರಿಗೆ ಮೈಕಾಲ. 14ನೇ ಶತಮಾನದಲ್ಲಿ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ 'ಮಂಜರೂರ್' ಅಂತ ಬರೆದುಕೊಂಡ. ಇಂಗ್ಲಿಷಿನ 'ಮ್ಯಾಂಗಲೋರ್' ಸರ್ಕಾರಿ ಕಾಗದದಿಂದ ಹೋಗಿದ್ದು 2014ರ ನವೆಂಬರ್ 1ಕ್ಕೆ. ಸಿಟಿ ಬಸ್ ನಿಲ್ದಾಣಕ್ಕೆ ಇಲ್ಲಿ ಸ್ಟೇಟ್ ಬ್ಯಾಂಕ್ ಅಂತಲೇ ಹೆಸರು, ಹಾಗಾಗಿ ಬಸ್ಸಿನವರಿಗೆ ಮಾತ್ರ ಇಡೀ ಊರೇ 'ಸ್ಟೇಟ್ ಬ್ಯಾಂಕ್'!

ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಬೇಜಾರಾಯಿತು. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಗೆ ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿ ಹಿಂದೆ ಈ ಕರಾವಳಿ ಆಳಿದ ಆಳುಪ ವಂಶದ ರಾಜ ಕುಂದವರ್ಮನ ಹೆಸರಿದೆ, ಕಾಲ ಕ್ರಿ.ಶ. 968. ಕದ್ರಿಯನ್ನು ಅದರಲ್ಲಿ ವಿಹಾರ, ಅಂದರೆ ಬೌದ್ಧ ಭಿಕ್ಷುಗಳ ಮಠ, ಅಂತ ಕರೆದಿದೆ. ಮಂಜುನಾಥನ ಅಂಗಳದಲ್ಲಿ ಬೌದ್ಧರ ಗುರುತು! ನಿಂತು ನೋಡಬೇಕಾದ್ದು. ಆದರೆ ಕಾಲು ಗಂಟೆಯೂ ಆಗಿರಲಿಲ್ಲ, 'ಹೊರಡೋಣ ಸರ್' ಅಂತ ಡ್ರೈವರ್ ಬಂದ. ಎಲ್ಲಿಗೆ? ಗೋಡಂಬಿ ಅಂಗಡಿಗೆ. ಅಲ್ಲಿ ಮಾತ್ರ ಯಾರಿಗೂ ಅವಸರ ಇರಲಿಲ್ಲ. ಬಿಲ್ ಆಗುವ ತನಕ ವ್ಯಾನ್ ಕದಲಲಿಲ್ಲ. ದುಡ್ಡು ಕೊಟ್ಟು ಬಂದವರನ್ನು ಹೀಗೆ ಅಂಗಡಿಗೆ ತಳ್ಳುವುದು ಸರಿಯಲ್ಲ.

ಕೊನೆಗೆ ಸುಲ್ತಾನ್ ಬತ್ತೇರಿ. ಟಿಪ್ಪು ಕಾಲದ ಕಾವಲು ಬುರುಜು. ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲು ಹತ್ತಿ ಇಳಿದಿದ್ದಷ್ಟೇ.

ಹೋಗುವವರು ಬುಕ್ ಮಾಡುವಾಗಲೇ 'ಗೋಡಂಬಿ ಅಂಗಡಿ ಬೇಡ, ಕದ್ರಿಯಲ್ಲಿ ಒಂದು ಗಂಟೆ ಬೇಕು' ಅಂತ ಹೇಳಿಬಿಡಿ. ಬತ್ತೇರಿಯಲ್ಲೇ ಇಳಿದುಕೊಂಡರೆ ದೋಣಿಯಲ್ಲಿ ತಣ್ಣೀರುಬಾವಿ ಬೀಚಿಗೂ ದಾಟಬಹುದು.